ಯೂನಿವರ್ಸಿಟಿ ಕೋರ್ಸ್ ಎಂದು ಹಣ ಪಡೆದು ಖಾಸಗಿ ಶಾಲೆಗೆ ಸೇರಿಸಿದ ಬಗ್ಗೆ ದೂರು

ಲೈಪ್‌ಜಿಗ್, ಜರ್ಮನಿ
ಫೆಬ್ರುವರಿ 2026

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ವಿದೇಶಿ ಶಿಕ್ಷಣ ಸಲಹಾ ಸಂಸ್ಥೆ,
ಬೆಂಗಳೂರು.

ವಿಷಯ: ಜರ್ಮನ್ ಭಾಷೆಯ ಇಂಟೆನ್ಸಿವ್ ಕೋರ್ಸಿನಲ್ಲಿ ಸೇವಾ ನ್ಯೂನತೆ, ಹಣ ವಾಪಸಾತಿ ಮತ್ತು ಲಿಖಿತ ವಿವರಣೆ ಕೋರಿ.

ಮಾನ್ಯರೇ,

ಕಳೆದ ಅಕ್ಟೋಬರಿನಿಂದ ನಾನು ನಿಮ್ಮ ಸಂಸ್ಥೆಯ ಮೂಲಕ ಲೈಪ್‌ಜಿಗ್‌ನಲ್ಲಿ ಜರ್ಮನ್ ಕಲಿಯುತ್ತಿದ್ದೇನೆ. ನಮ್ಮ ಒಪ್ಪಂದದ ಮೊದಲ ಪುಟದಲ್ಲೇ ‘ವಿಶ್ವವಿದ್ಯಾಲಯದ ಇಂಟೆನ್ಸಿವ್ ಕೋರ್ಸ್, ಬಿ2ರಿಂದ ಡಿಎಸ್‌ಎಚ್ ವರೆಗೆ, ಆರು ತಿಂಗಳು’ ಎಂದು ಬರೆದಿದ್ದೀರಿ. (ಬಿ2 ಎಂದರೆ ಎ1ರಿಂದ ಸಿ2ರವರೆಗಿನ ಭಾಷಾ ಹಂತಗಳಲ್ಲಿ ನಾಲ್ಕನೆಯದು, ಡಿಎಸ್‌ಎಚ್ ಎಂದರೆ ಜರ್ಮನ್ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಬರೆಯುವ ಭಾಷಾ ಪರೀಕ್ಷೆ.) ನಾನು ಕೂತು ಓದುತ್ತಿರುವುದು ರೈಲು ನಿಲ್ದಾಣದ ಹತ್ತಿರ, ಅಂಗಡಿಗಳ ಮೇಲಿನ ಮಹಡಿಯಲ್ಲಿರುವ ಖಾಸಗಿ ಭಾಷಾ ಶಾಲೆಯೊಂದರಲ್ಲಿ. ವಿಶ್ವವಿದ್ಯಾಲಯಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಫೋನಿನಲ್ಲಿ, ವಾಟ್ಸಾಪಿನಲ್ಲಿ, ಇಮೇಲಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಬಂದದ್ದೆಲ್ಲ ಹಾರಿಕೆಯ ಉತ್ತರ. ಅದಕ್ಕೇ ಈ ಪತ್ರ.

ನಿಮ್ಮ ಕೈಪಿಡಿಯ ಮುಖಪುಟದಲ್ಲಿರುವುದು ಔಗುಸ್ಟುಸ್‌ಪ್ಲಾಟ್ಸ್ ಚೌಕದ ಪೌಲಿನುಮ್, 1409ರಲ್ಲಿ ಸ್ಥಾಪನೆಯಾದ ಲೈಪ್‌ಜಿಗ್ ವಿಶ್ವವಿದ್ಯಾಲಯದ ಕಟ್ಟಡ. ಒಳಪುಟದಲ್ಲಿ, ವಿದೇಶಿಯರಿಗೆ ಜರ್ಮನ್ ಕಲಿಸಲು 1956ರಲ್ಲಿ ಇಲ್ಲಿ ಶುರುವಾಗಿ ಮುಂದೆ ಹೆರ್ಡರ್ ಇನ್‌ಸ್ಟಿಟ್ಯೂಟ್ ಎಂದು ಹೆಸರಾದ ಸಂಸ್ಥೆಯ ಬಗ್ಗೆ ಒಂದು ಪ್ಯಾರಾ ಇದೆ. ಎರಡೂ ನಿಜವೇ. ಆದರೆ ನೀವು ಮಾರಿದ ಕೋರ್ಸಿಗೂ ಈ ಎರಡಕ್ಕೂ ಏನು ಸಂಬಂಧ ಎಂದು ಕೈಪಿಡಿಯಲ್ಲಿ ಎಲ್ಲೂ ಹೇಳಿಲ್ಲ. ನಿಮ್ಮ ಕೌನ್ಸೆಲರ್ ಮಾತ್ರ ನನ್ನ ತಂದೆಯವರಿಗೆ ಬಾಯಿಬಿಟ್ಟೇ ಹೇಳಿದ್ದರು: ‘ಮಗಳು ಕ್ಯಾಂಪಸ್ಸಲ್ಲೇ ಇರ್ತಾರೆ ಸಾರ್, ಯೂನಿವರ್ಸಿಟಿ ಐಡಿ ಕಾರ್ಡೇ ಬರುತ್ತೆ, ನೀವು ನಿಶ್ಚಿಂತೆಯಿಂದ ಇರಿ.’ ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ಅವರು ಆ ಮಾತು ನಂಬಿ ನಿಶ್ಚಿತ ಠೇವಣಿ ಮುರಿಸಿದರು.

ಇಲ್ಲಿಗೆ ಬಂದ ಮೊದಲ ವಾರವೇ ನಿಮ್ಮ ಒಪ್ಪಂದದ ಪ್ರತಿ ಹಿಡಿದು ವಿಶ್ವವಿದ್ಯಾಲಯದ ಕಚೇರಿಗೆ ಹೋದೆ. ನನ್ನ ಹೆಸರಿನ ನೋಂದಣಿ ಅವರಲ್ಲಿ ಇಲ್ಲ, ಇರಬೇಕಾದ ಕಾರಣವೂ ಇಲ್ಲ ಎಂದು ಸಮಾಧಾನದಿಂದಲೇ ತಿಳಿಸಿದರು. ಖಾಸಗಿ ಶಾಲೆಯವರನ್ನು ಕೇಳಿದರೆ ಅವರಿಗೇ ಆಶ್ಚರ್ಯ. ತಾವು ವಿಶ್ವವಿದ್ಯಾಲಯದವರೆಂದು ಅವರು ಎಲ್ಲೂ ಹೇಳಿಕೊಂಡಿಲ್ಲ. ಹೇಳಿದ್ದು ನೀವೊಬ್ಬರೇ.

ಎಲ್ಲಿ ಕಲಿತರೂ ಜರ್ಮನ್ ಜರ್ಮನ್ನೇ ಅಲ್ಲವೇ ಎಂದು ನಿಮ್ಮ ಕಚೇರಿಯಿಂದ ಉತ್ತರ ಬಂತು. ನಿಮಗೆ ಗೊತ್ತಿರುವ ಸಂಗತಿಯೇ ಆದರೂ ದಾಖಲೆಗಿರಲಿ ಎಂದು ಬರೆಯುತ್ತಿದ್ದೇನೆ. ಜರ್ಮನ್ ಮಾಧ್ಯಮದ ಸ್ನಾತಕೋತ್ತರ ಕೋರ್ಸಿಗೆ ಸೇರಲು ಸಾಮಾನ್ಯವಾಗಿ ಡಿಎಸ್‌ಎಚ್ ಪರೀಕ್ಷೆಯ ಎರಡನೇ ಮಟ್ಟವಾದ ಡಿಎಸ್‌ಎಚ್-2 ಅಥವಾ ಟೆಸ್ಟ್‌ಡಾಫ್ ಎಂಬ ಇನ್ನೊಂದು ಭಾಷಾ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ 4ನೇ ಮಟ್ಟ ಕೇಳುತ್ತಾರೆ. ಡಿಎಸ್‌ಎಚ್ ನಡೆಸುವ ಅಧಿಕಾರ ಇಂಥ ಖಾಸಗಿ ಶಾಲೆಗಿಲ್ಲ. ಆ ಪರೀಕ್ಷೆಯಲ್ಲಿ ಡಿಎಸ್‌ಎಚ್-2 ಬರಬೇಕಾದರೆ ಶೇ. 67 ಅಂಕ ಬೇಕು. ಉಪನ್ಯಾಸ ಕೇಳಿ ಟಿಪ್ಪಣಿ ಮಾಡುವುದು, ಶೈಕ್ಷಣಿಕ ಬರಹ ಓದಿ ವಾಕ್ಯಗಳನ್ನು ಬೇರೆ ರಚನೆಗೆ ತಿರುಗಿಸುವುದು, ರೇಖಾಚಿತ್ರವೊಂದನ್ನು ನೋಡಿ ವಾದ ಕಟ್ಟಿ ಬರೆಯುವುದು, ಇವೆಲ್ಲಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು.

ನಮ್ಮ ತರಗತಿಯಲ್ಲಿ ಏನು ನಡೆಯುತ್ತಿದೆ ಎಂದರೆ, ಹನ್ನೆರಡಕ್ಕಿಂತ ಹೆಚ್ಚು ಜನ ಇರುವುದಿಲ್ಲ ಎಂದು ನೀವು ಹೇಳಿದ ಕೋಣೆಯಲ್ಲಿ ಹದಿನೆಂಟು ಜನ ಇದ್ದೇವೆ. ನನ್ನ ಎಡಕ್ಕೆ ಕೂರುವವರು ಉಕ್ರೇನಿನ ನರ್ಸ್, ಅವರಿಗೆ ಆಸ್ಪತ್ರೆಯಲ್ಲಿ ರೋಗಿಯ ವರದಿ ಒಪ್ಪಿಸುವಷ್ಟು ಭಾಷೆ ಬೇಕು. ಬಲಕ್ಕೆ ವಿಯೆಟ್ನಾಮಿನ ಹುಡುಗ, ಹೋಟೆಲ್ ಕೆಲಸದ ತರಬೇತಿಗೆ ಸೇರುವವನು, ಇನ್ನೂ ಬಿ1ನ ಅಂಚಿನಲ್ಲಿದ್ದಾನೆ. ಅವರಿಗೆಲ್ಲ ಅವರವರಿಗೆ ಬೇಕಾದದ್ದು ಸಿಗಲಿ, ನನ್ನ ತಕರಾರಿಲ್ಲ. ಆದರೆ ‘ವೈಲ್’ (ಏಕೆಂದರೆ) ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ ಎಂಬ ಪಾಠವನ್ನು ಜನವರಿಯಲ್ಲೂ ಬೋರ್ಡಿನ ಮೇಲೆ ಬರೆಯುತ್ತಿದ್ದರೆ ಡಿಎಸ್‌ಎಚ್ ತಯಾರಿ ಯಾವಾಗ? ಅದನ್ನು ನಾನು ಬೆಂಗಳೂರಿನಲ್ಲಿ ಎ2 ಮಾಡುವಾಗಲೇ ಕಲಿತಿದ್ದೆ. (ಕ್ರಿಯಾಪದ ಕೊನೆಗೆ ಬರುವುದು ಕನ್ನಡದವರಿಗೆ ಹೊಸದೇನೂ ಅಲ್ಲ.) ಶಿಕ್ಷಕಿ ಒಳ್ಳೆಯವರು. ತರಗತಿ ಮುಗಿದ ಮೇಲೂ ನಿಂತು ನನ್ನ ಪ್ರಬಂಧಕ್ಕೆ ಕೆಂಪು ಶಾಯಿ ಬಳಿದು ಕೊಡುತ್ತಾರೆ. ಆದರೆ ಡಿಎಸ್‌ಎಚ್ ಈ ಗುಂಪಿನ ಪಠ್ಯಕ್ರಮದಲ್ಲೇ ಇಲ್ಲ ಎಂದು ಅವರೂ ಸ್ಪಷ್ಟವಾಗಿ ಹೇಳಿದ್ದಾರೆ.

ಇನ್ನು ಗಂಟೆಗಳ ಲೆಕ್ಕ. ‘ವಾರಕ್ಕೆ 25 ಗಂಟೆ’ ಎಂದಿರಿ. ಇಲ್ಲಿ ಒಂದು ಪಾಠದ ಅವಧಿ ಎಂದರೆ 45 ನಿಮಿಷ, ಹಾಗಾಗಿ 25 ಪಾಠ ಎಂದರೆ ಗಡಿಯಾರದ ಲೆಕ್ಕದಲ್ಲಿ ಹತ್ತೊಂಬತ್ತು ಗಂಟೆಯೂ ಆಗುವುದಿಲ್ಲ. ಅದು ಇಲ್ಲಿನ ಪದ್ಧತಿ, ಬಿಡಿ. ಆದರೆ ಡಿಸೆಂಬರಿನಲ್ಲಿ ಎರಡು ಗುಂಪುಗಳನ್ನು ಒಂದು ಮಾಡಿ, ಶುಕ್ರವಾರದ ತರಗತಿ ನಿಲ್ಲಿಸಿ, ವಾರಕ್ಕೆ 16 ಪಾಠಕ್ಕೆ ಇಳಿಸಿದರು. ನನ್ನ ದೂರಿನಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಇದು. ನಾನು ಇಲ್ಲಿರುವುದು ಭಾಷಾ ಕೋರ್ಸಿನ ವೀಸಾದ ಮೇಲೆ. ಆ ವೀಸಾಕ್ಕೆ ಕೋರ್ಸ್ ಇಂಟೆನ್ಸಿವ್ ಆಗಿರಬೇಕು, ಹಾಗೆನಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ವಾರಕ್ಕೆ ಕನಿಷ್ಠ 18 ಪಾಠ ಇರಲೇಬೇಕು. ವಾಸದ ಪರವಾನಗಿ ಮುಂದುವರಿಸಲು ವಿದೇಶಿಯರ ಕಚೇರಿಗೆ ಹೋದಾಗ ಅವರು ಮೊದಲು ಕೇಳುವುದೇ ಶಾಲೆಯ ಪತ್ರ, ವಾರಕ್ಕೆ ಎಷ್ಟು ಪಾಠ ಎಂದು. ಅದರಲ್ಲಿ 16 ಎಂದಿದ್ದರೆ ನನ್ನ ಗತಿ ಏನು?

ಇದನ್ನು ತಿಳಿಸಿದಾಗ ನಿಮ್ಮ ವೀಸಾ ವಿಭಾಗದಿಂದ ಬಂದ ವಾಯ್ಸ್ ಮೆಸೇಜ್ ನನ್ನ ಬಳಿ ಇದೆ: ‘ಹಳೇ ಲೆಟರಲ್ಲಿ 25 ಅಂತ ಇದೆಯಲ್ಲ ಮೇಡಂ, ಅದನ್ನೇ ಕೊಟ್ಟುಬಿಡಿ, ಯಾರೂ ನೋಡಲ್ಲ.’ ಪರದೇಶದ ಸರ್ಕಾರಿ ಕಚೇರಿಗೆ ಸುಳ್ಳು ಕಾಗದ ಕೊಡಿ ಎಂದು ಹಣ ಪಡೆದ ಸಲಹಾ ಸಂಸ್ಥೆಯೇ ಹೇಳಿಕೊಡುವುದೇ? ಸಿಕ್ಕಿಬಿದ್ದರೆ ವಾಪಸು ಕಳಿಸುವುದು ನನ್ನನ್ನು, ನಿಮ್ಮನ್ನಲ್ಲ. ನಾನು ಆ ಪತ್ರ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನನ್ನ ಖರ್ಚಿನಲ್ಲೇ ಬೇರೆ ಕಡೆ ಸಂಜೆಯ ಹೆಚ್ಚುವರಿ ತರಗತಿಗೆ ಸೇರಿದರೂ, ಸಂಜೆ ಮತ್ತು ವಾರಾಂತ್ಯದ ಕೋರ್ಸನ್ನು ಇಂಟೆನ್ಸಿವ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಸತಿಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ಪೂರ್ತಿ ಬರೆದರೆ ಅದೇ ಇನ್ನೊಂದು ಪತ್ರವಾದೀತು. ವಿದ್ಯಾರ್ಥಿ ನಿಲಯ ಎಂದು ಹೇಳಿ ನೀವು ಗೊತ್ತು ಮಾಡಿದ್ದು ಗ್ರ್ಯೂನೌ ಬಡಾವಣೆಯ ಫ್ಲ್ಯಾಟೊಂದರಲ್ಲಿ ಹಂಚಿಕೊಂಡ ಕೋಣೆ. ಕೋಣೆ ಹೇಗೋ ನಡೆಯುತ್ತಿತ್ತು. ಆದರೆ ಬಾಡಿಗೆಗೆ ಕೊಟ್ಟವರು ವಾಸದ ದೃಢೀಕರಣ ಪತ್ರಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕೆಂಬುದು ಇಲ್ಲಿನ ಕಾನೂನು, ಅದಕ್ಕೆ ಆ ಪತ್ರ ಬೇಕೇ ಬೇಕು. ನೋಂದಣಿ ಇಲ್ಲದ್ದಕ್ಕೆ ನಾನು ಹೋದ ಬ್ಯಾಂಕು ಖಾತೆ ತೆರೆಯಲಿಲ್ಲ. ಖಾತೆ ಇಲ್ಲದ್ದಕ್ಕೆ, ತಿಂಗಳಿಗೆ 1,091 ಯೂರೊ ಲೆಕ್ಕದಲ್ಲಿ ಬ್ಲಾಕ್ಡ್ ಅಕೌಂಟಿನಲ್ಲಿ (ವೀಸಾಕ್ಕಾಗಿ ಮುಂಚೆಯೇ ಹಣ ಇಟ್ಟು, ತಿಂಗಳಿಗಿಷ್ಟೆಂದು ಮಾತ್ರ ತೆಗೆಯಬಹುದಾದ ಖಾತೆ) ಇಟ್ಟು ಬಂದಿದ್ದ ನನ್ನದೇ ಹಣ ನನ್ನ ಕೈಗೆ ಬರಲಿಲ್ಲ. ಇಲ್ಲಿನ ಕನ್ನಡದ ಕುಟುಂಬವೊಂದು ಸಾಲ ಕೊಟ್ಟು, ಬೇರೆ ಕೋಣೆ ಹುಡುಕಿಕೊಟ್ಟಿದ್ದರಿಂದ ಬಚಾವಾದೆ. ಆ ದಿನಗಳಲ್ಲಿ ನಿಮ್ಮ ‘24 ಗಂಟೆಯ ಸಹಾಯವಾಣಿ’ಗೆ ಫೋನ್ ಮಾಡಿದಾಗಲೆಲ್ಲ ಕಾಲರ್ ಟ್ಯೂನ್ ಮಾತ್ರ ಕೇಳಿಸಿತು.

ನೀವು ಹೇಳಿದ ಸೆಮಿಸ್ಟರ್ ಟಿಕೆಟ್ಟೂ (ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಯಾಣದ ಪಾಸು) ಇಲ್ಲ, ವಿದ್ಯಾರ್ಥಿಗಳ ಸರ್ಕಾರಿ ಆರೋಗ್ಯ ವಿಮೆಯೂ ಇಲ್ಲ. ಭಾಷಾ ಕೋರ್ಸಿನವರು ಖಾಸಗಿ ವಿಮೆಯನ್ನೇ ಮಾಡಿಸಬೇಕಂತೆ. ಓಡಾಟಕ್ಕೆ ತಿಂಗಳಿಗೆ 58 ಯೂರೊ ಕೊಟ್ಟು ಡಾಯ್ಚ್‌ಲಾಂಡ್‌ಟಿಕೆಟ್ ಎಂಬ ಬಸ್ಸು, ರೈಲಿನ ತಿಂಗಳ ಪಾಸು ತೆಗೆದುಕೊಳ್ಳುತ್ತಿದ್ದೆ, ಜನವರಿಯಿಂದ ಅದೂ 63 ಆಗಿದೆ.

ಹಣದ ಲೆಕ್ಕ ನೋಡಿ. ‘ಯೂನಿವರ್ಸಿಟಿ ಕೋರ್ಸ್ ಶುಲ್ಕ’ ಎಂದು ನೀವು ಪಡೆದದ್ದು 4,10,000 ರೂಪಾಯಿ, ಸೇವಾ ಶುಲ್ಕವೆಂದು 60,000 ಬೇರೆ. ಶಾಲೆಯ ದರಪಟ್ಟಿ ಅವರ ಕೌಂಟರಿನ ಪಕ್ಕದ ಗೋಡೆಯ ಮೇಲೇ ಇದೆ. ಆರು ತಿಂಗಳ ಕೋರ್ಸಿಗೆ 2,100 ಯೂರೊ. ಯೂರೊಗೆ 105 ರೂಪಾಯಿ ಹಿಡಿದರೂ 2,20,500 ರೂಪಾಯಿ. ಉಳಿದ 1,89,500 ಯಾವುದರ ಬಾಬ್ತು ಎಂದು ಕೇಳಿದ್ದಕ್ಕೆ ‘ಪ್ರೊಸೆಸಿಂಗ್’ ಎಂದಿರಿ. ಹಾಗಾದರೆ ಸೇವಾ ಶುಲ್ಕ ಯಾತಕ್ಕೆ? ಈ ಪ್ರಶ್ನೆಗೆ ನಿಮ್ಮಲ್ಲಿ ಇವತ್ತಿನವರೆಗೂ ಯಾರೂ ಬಾಯಿ ತೆರೆದಿಲ್ಲ. ಮುಂದಿನ ಬ್ಯಾಚಿನಲ್ಲಿ ‘ಅಡ್ಜಸ್ಟ್’ ಮಾಡುತ್ತೇವೆ ಎಂದು ಮೂಗಿಗೆ ತುಪ್ಪ ಸವರುವುದು ಇನ್ನು ಬೇಡ. ನನಗೆ ಮುಂದಿನ ಬ್ಯಾಚಿಲ್ಲ. ಬೇಸಿಗೆಯಲ್ಲಿ ಪ್ರವೇಶದ ಅರ್ಜಿ ಹಾಕಬೇಕು, ಅಷ್ಟರಲ್ಲಿ ಭಾಷಾ ಪ್ರಮಾಣಪತ್ರ ಕೈಯಲ್ಲಿರಬೇಕು.

ನಾನು ಕೇಳುತ್ತಿರುವುದು ಇಷ್ಟು. ಹೆಚ್ಚುವರಿಯಾಗಿ ಪಡೆದ 1,89,500 ಮತ್ತು ಸೇವಾ ಶುಲ್ಕದ 60,000, ಒಟ್ಟು 2,49,500 ರೂಪಾಯಿಯನ್ನು ಈ ಪತ್ರ ತಲುಪಿದ 30 ದಿನಗಳೊಳಗೆ ನನ್ನ ತಂದೆಯವರ ಖಾತೆಗೆ ಜಮಾ ಮಾಡಿ. ಅದಕ್ಕಿಂತ ಮೊದಲು, ಒಂದು ವಾರದಲ್ಲಿ, ಶಾಲೆಯವರೊಂದಿಗೆ ಮಾತಾಡಿ ವಾರಕ್ಕೆ 25 ಪಾಠದ ಗುಂಪಿಗೆ ನನ್ನನ್ನು ವರ್ಗಾಯಿಸಿ, ಇರುವುದನ್ನು ಇದ್ದ ಹಾಗೆ ಬರೆದ ಪತ್ರ ಕೊಡಿಸಿ. ಅವರ ಬೆಳಗಿನ ಇನ್ನೊಂದು ಗುಂಪಿನಲ್ಲಿ ಜಾಗವಿದೆ. ಶುಲ್ಕ ಕಟ್ಟಿದವರು ನೀವಾದ್ದರಿಂದ ನಿಮ್ಮ ಒಪ್ಪಿಗೆ ಬೇಕು ಎನ್ನುತ್ತಾರೆ. ಇದು ನಿಮಗೆ ಒಂದು ಇಮೇಲಿನ ಕೆಲಸ.

ಇಷ್ಟಕ್ಕೂ ಸ್ಪಂದಿಸದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಸೇವಾ ನ್ಯೂನತೆ ಮತ್ತು ದಾರಿತಪ್ಪಿಸುವ ಜಾಹೀರಾತು ಎಂದು ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸುತ್ತೇವೆ. ಗ್ರಾಹಕರು ವಾಸಿಸುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ, ಆದ್ದರಿಂದ ‘ಬೆಂಗಳೂರು ವ್ಯಾಪ್ತಿ ಮಾತ್ರ’ ಎಂಬ ನಿಮ್ಮ ಷರತ್ತು ನಮ್ಮನ್ನು ತಡೆಯುವುದಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ಗ್ರಾಹಕ ದೂರುಗಳ ಇ-ಜಾಗೃತಿ ಪೋರ್ಟಲ್‌ನಲ್ಲೇ ಸಲ್ಲಿಸಬಹುದು. ನನ್ನ ತಂದೆಯವರು ಈಗಾಗಲೇ 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಿಕೊಂಡಿದ್ದಾರೆ. ಒಪ್ಪಂದ, ರಸೀದಿಗಳು, ಕೈಪಿಡಿ, ಶಾಲೆಯ ವೇಳಾಪಟ್ಟಿ ಮತ್ತು ದರಪಟ್ಟಿಯ ಫೋಟೊ, ಮೇಲೆ ಹೇಳಿದ ವಾಯ್ಸ್ ಮೆಸೇಜ್, ಎಲ್ಲವನ್ನೂ ಇದರೊಂದಿಗೆ ಲಗತ್ತಿಸಿದ್ದೇನೆ.

ಕೊನೆಯದಾಗಿ, ಏಪ್ರಿಲ್ ಬ್ಯಾಚಿಗೆ ನಿಮ್ಮ ಜಾಹೀರಾತು ಮೊನ್ನೆಯಷ್ಟೇ ನನಗೂ ಬಂತು. ಅದೇ ಪೌಲಿನುಮ್ ಚಿತ್ರ, ಅದೇ ‘ಯೂನಿವರ್ಸಿಟಿ ಕೋರ್ಸ್’. ಅದನ್ನು ಕೂಡಲೇ ತೆಗೆಯಿರಿ. ಈಗಾಗಲೇ ಮುಂಗಡ ಕಟ್ಟಿರುವ ಮಕ್ಕಳಿಗೆ, ಅವರ ಮನೆಯವರಿಗೆ, ಅವರು ಸೇರಲಿರುವುದು ಯಾವ ಶಾಲೆಗೆ ಎಂದು ವೀಸಾ ಅರ್ಜಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ.

ಇಂತಿ,
ಅಕ್ಟೋಬರ್ 2025 ಬ್ಯಾಚಿನ ವಿದ್ಯಾರ್ಥಿನಿ

ಪ್ರತಿ: ನನ್ನ ತಂದೆಯವರಿಗೆ, ಹಾಸನ