ಹಳೇ ಕ್ಲಾಸ್ ಫೋಟೋ ಕಳಿಸುವವರ ಗಮನಕ್ಕೆ

ಗೆಳೆಯರೇ, 5ರಿಂದ 10ನೇ ಕ್ಲಾಸಿನವರೆಗೆ ವರ್ಷಕ್ಕೊಂದು ಫೋಟೋ ಹುಡುಕಿ. ಒಂದೇ ಮುಖವನ್ನು ಸಾಲಾಗಿ ಜೋಡಿಸಿದರೆ ಮಾತ್ರ ಬದಲಾವಣೆ ಕಾಣುತ್ತೆ. ದಿನಾ ಒಂದೇ ಬೆಂಚಲ್ಲಿ ಕೂತವರಿಗೆ ಪಕ್ಕದವರು ಬೆಳೆದದ್ದು ತಿಳಿಯೋದೇ ಇಲ್ಲ, ಬೇಸಿಗೆ ರಜೆಗೆ ಬಂದ ನೆಂಟರಿಗೆ ತಕ್ಷಣ ಗೊತ್ತಾಗುತ್ತೆ.

ಎತ್ತರ ನೋಡಿ ಹೆಸರು ಬರೆಯಬೇಡಿ. ಹುಡುಗಿಯರು ಸಾಮಾನ್ಯವಾಗಿ ಹುಡುಗರಿಗಿಂತ ಸುಮಾರು 2 ವರ್ಷ ಮೊದಲೇ ಸರ್ರನೆ ಉದ್ದ ಆಗ್ತಾರೆ, ಹಾಗಾಗಿ 7ನೇ ಕ್ಲಾಸಿನ ಸಾಲು 10ಕ್ಕೆ ಬರುವಾಗ ತಿರುವುಮುರುವು. ಮೂಗು, ದವಡೆಯೂ ಬದಲಾಗುತ್ತೆ. ಕಿವಿಯ ಆಕಾರ, ಹುಬ್ಬು, ಮಚ್ಚೆ ನೋಡಿ ಗುರುತಿಸಿ.

ಮಲೆನಾಡಿನ ಮಳೆಗಾಲದ ಥಂಡಿಗೆ ಫೋಟೋದ ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಅಂಟಿರುತ್ತೆ. ದಯವಿಟ್ಟು ಕೀಳಬೇಡಿ, ಮುಖವೇ ಕಿತ್ತು ಬರುತ್ತೆ! ಹಾಳೆ ಸಮೇತ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ಬೇಡ, ಒಣಗಿದ ಮೃದು ಬ್ರಷ್ ಸಾಕು. ಮೊಬೈಲಲ್ಲಾದರೆ ಫ್ಲ್ಯಾಶ್ ಇಲ್ಲದೆ, ಕಿಟಕಿ ಬೆಳಕಲ್ಲಿ, ನೇರ ಮೇಲಿಂದ ತೆಗೆಯಿರಿ. ವಾಟ್ಸಾಪಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಹಿಗ್ಗಿಸಿದಾಗ ಮುಖ ಮಸುಕಾಗುತ್ತೆ.

ಆಗಿನ ಅಡ್ಡಹೆಸರು ಬರೆಯಬೇಡಿ, ಈಗ ಅದು ನೋಯಿಸಬಹುದು. ತೀರಿಹೋದ ಗೆಳೆಯರ ಫೋಟೋ ಗುಂಪಿಗೆ ಹಾಕುವ ಮುಂಚೆ ಅವರ ಮನೆಯವರನ್ನು ಕೇಳಿ.