ಟೇಪ್ ಇಲ್ಲದ ಆಸ್ಪತ್ರೆಗೆ ಮಾರ್ಕರ್ ಎಲ್ಲಿಂದ?

ಮಾನ್ಯರೇ,

ಸ್ತನ ಕ್ಯಾನ್ಸರ್ ಚಿಕಿತ್ಸೆ ಆದವರ ಕೈ ಊತವನ್ನು, ಅಂಗಾಂಶದ ಚೂರು ತೆಗೆದು ಅದರಲ್ಲಿನ ಮಾರ್ಕರ್‌ಗಳಿಂದ (ಗುರುತು ಹಿಡಿಯೋಕೆ ನೆರವಾಗುವ ಪ್ರೋಟೀನ್‌ಗಳಿಂದ) ಪತ್ತೆ ಮಾಡುವ ನಿಮ್ಮ ವರದಿ ಓದಿದೆ. ಪೊಡೊಪ್ಲಾನಿನ್, ಲೈವ್-1, ಇನ್ನೂ ಏನೇನೋ. ತುಂಬಾ ಸಂತೋಷ. ಓದಿದ್ದು ನಮ್ಮ ದೊಡ್ಡಾಸ್ಪತ್ರೆಯ ಸಾಲಿನಲ್ಲಿ, ಅಕ್ಕನ ಜೊತೆ ನಿಂತುಕೊಂಡು. ಬೆಂಚು ರಿಪೇರಿಗೆ ಒಯ್ದವರು ಇನ್ನೂ ವಾಪಸ್ ತಂದಿಲ್ಲ.

ಅಕ್ಕನಿಗೆ ಎಡಗಡೆ ಆಪರೇಷನ್ ಆಗಿದೆ, ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ, ಆಮೇಲೆ ರೇಡಿಯೇಷನ್. ಈಗ ಆ ಕೈಗೆ ಬಳೆ ಏರುತ್ತಿಲ್ಲ, ರವಿಕೆಯ ಒಂದು ತೋಳನ್ನು ಬಿಚ್ಚಿ ಅಗಲ ಮಾಡಿಸಿದ್ದಾಳೆ. ಅಂಗಾಂಶಗಳಿಂದ ಬಸಿದು ಆ ಗ್ರಂಥಿಗಳ ಮೂಲಕ ಸಾಗುವ ದ್ರವ, ಅಂದರೆ ದುಗ್ಧರಸ, ಹರಿಯೋಕೆ ದಾರಿ ಇಲ್ಲದೆ ಹೀಗಾಗುತ್ತೆ, ಹೆಚ್ಚುಕಡಿಮೆ 5 ಜನರಲ್ಲಿ ಒಬ್ಬರಿಗೆ ಆಗುತ್ತೆ. ಹೊಸ ವಿಷಯವೇನಲ್ಲ ಅಲ್ವಾ? ಆದರೆ ಡಾಕ್ಟರು ಕೈ ಮುಟ್ಟಿಯೂ ನೋಡದೆ "ವಯಸ್ಸಾಯ್ತಲ್ಲಮ್ಮ" ಅಂದು ಮೂತ್ರ ಹೋಗುವ ಮಾತ್ರೆ ಬರೆದರು. ಈ ಊತ ಆ ಮಾತ್ರೆಗೆ ಬಗ್ಗುವಂಥದ್ದಲ್ಲ. ಎರಡೂ ಕೈ ಅಳೆದು ನೋಡಿ ಸಾರ್, 2 ಸೆಂ.ಮೀ. ಜಾಸ್ತಿ ಇದ್ದರೂ ಲೆಕ್ಕಕ್ಕೆ ಬರುತ್ತೆ ಅಂತ ಆಪರೇಷನ್ ಮಾಡಿದವರು ಹೇಳಿದ್ದಾರೆ ಅಂದರೆ, ಅಳೆಯೋಕೆ ಟೇಪ್ ಇಲ್ಲವಂತೆ! ಎದುರಿನ ಟೈಲರ್ ಹತ್ತಿರ ಇದೆ, ತರಲಾ ಅಂದೆ. ನರ್ಸಮ್ಮ ಗದರಿದರು. ಗದರಿಕೊಂಡೇ ಬಿಪಿ ಪಟ್ಟಿಯನ್ನು ಅದೇ ಊದಿದ ಕೈಗೆ ಸುತ್ತಿದರು. ಆ ಕೈಗೆ ಬಿಪಿ, ಸೂಜಿ ಬೇಡ ಅಂತ ಡಿಸ್ಚಾರ್ಜ್ ಚೀಟಿಯಲ್ಲೇ ಬರೆದಿದೆ, ಓದೋರು ಯಾರು.

ಮಾರ್ಕರ್ ಬೇಡ ಅನ್ನುತ್ತಿಲ್ಲ. ವರ್ಷಗಟ್ಟಲೆ ಊದಿದ ಕೈಯಲ್ಲಿ ನೇರಳೆ ಕಲೆ, ಗಂಟು ಎದ್ದರೆ ಚೂರು ತೆಗೆದು ಪರೀಕ್ಷೆ ಮಾಡಲೇಬೇಕು. ಅದು ಬೇರೆಯೇ ಕ್ಯಾನ್ಸರ್ ಇರಬಹುದು ಅಂತ 1948ರಲ್ಲೇ ಸ್ಟುವರ್ಟ್ ಮತ್ತು ಟ್ರೀವ್ಸ್ ಅನ್ನೋ ಅಮೆರಿಕದ ಡಾಕ್ಟರುಗಳು ಬರೆದಿಟ್ಟಿದ್ದಾರೆ. ಪೊಡೊಪ್ಲಾನಿನ್ ಅಲ್ಲಿ ಕೆಲಸಕ್ಕೆ ಬರುತ್ತೆ. ಮಾಮೂಲಿ ಊತಕ್ಕೆ, ಸಣ್ಣ ಗಾಯಕ್ಕೂ ಸೋಂಕು ಹತ್ತುವ ಕೈಯನ್ನು ಸುಮ್ನೆ ಕತ್ತರಿಸಿ ನೋಡ್ತಾರಾ?

ಬ್ಯಾಂಡೇಜ್ ಕಟ್ಟಿ, ಕಂಪ್ರೆಷನ್ ಸ್ಲೀವ್ (ಊತ ಇಳಿಸುವ ಬಿಗಿ ತೋಳು) ಹಾಕಿಸಬೇಕಾದ ಫಿಸಿಯೋಥೆರಪಿ ಕೋಣೆಗೆ ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿದ್ದರು. ಈಗ ಅಲ್ಲಿ ಮುರಿದ ಮಂಚಗಳು ಗುಣವಾಗುತ್ತಿವೆ. ಬಸ್ ಸ್ಟಾಪನ್ನು ಯಾರ ಅಂಗಡಿಗೆ ಅನುಕೂಲ ಆಗಲಿ ಅಂತ ಅಷ್ಟು ದೂರ ತಳ್ಳಿದರೋ, ಅರ್ಜಿ ಕೊಟ್ಟರೆ "ಮೇಲಕ್ಕೆ ಕಳಿಸಿದ್ದೀವಿ" ಅನ್ನುತ್ತಾರೆ. ಎಷ್ಟು ಮೇಲಕ್ಕೆ?

ಸಂಬಂಧಪಟ್ಟವರು ಕೂಡಲೇ ಗಮನ ಹರಿಸಿ ಸೂಕ್ತ ಕ್ರಮ ಕೈಗೊಳ್ಳಬೇಕು, ಬಸ್ ಸ್ಟಾಪನ್ನೂ ಮೊದಲಿದ್ದ ಜಾಗಕ್ಕೆ ತರಬೇಕು. ಆಗದಿದ್ದರೆ ಆಗಲ್ಲ ಅಂತ ಬೋರ್ಡ್ ಹಾಕಿಬಿಡಲಿ. ಸಂಬಳ ತಗೊಳ್ಳೋಕೆ ನಾಚಿಕೆ ಆಗಲ್ವಾ ಇವರಿಗೆ?

– ಒಬ್ಬ ಓದುಗ