ಅಮೆರಿಕಕ್ಕೆ ಹೊಸದಾಗಿ ಬಂದವರು ಓದಿ: ಡೆಬಿಟ್ ಕಾರ್ಡ್ ಓವರ್‌ಡ್ರಾಫ್ಟ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಬ್ಯಾಂಕ್ ಖಾತೆ ತೆರೆಯುವಾಗ "ಓವರ್‌ಡ್ರಾಫ್ಟ್ ಕವರೇಜ್ ಬೇಕಾ?" ಅಂತ ಕೇಳುತ್ತಾರೆ. ಅಂದರೆ, ಖಾತೆಯಲ್ಲಿ ದುಡ್ಡು ಸಾಲದಿದ್ದರೂ ಬ್ಯಾಂಕ್ ಖರ್ಚು ನಡೆಸಿಕೊಟ್ಟು, ಅದಕ್ಕೆ ಶುಲ್ಕ ಹಾಕುವುದು. ಸುಮ್ನೆ ಹೂಂ ಅನ್ನಬೇಡಿ. ನಾನು ಅಂದಿದ್ದೆ. ಖಾತೆಯಲ್ಲಿ 3 ಡಾಲರ್ ಇತ್ತು, 5 ಡಾಲರ್ ಕಾಫಿಗೆ ಕಾರ್ಡ್ ಉಜ್ಜಿದೆ. ಕಾಫಿ ಸಿಕ್ಕಿತು, ಆದರೆ 35 ಡಾಲರ್ ಶುಲ್ಕ ಬಿತ್ತು. ಊರಿಂದ ಅಪ್ಪ ಕಳಿಸಿದ ದುಡ್ಡು ಅದು, ಹೊಟ್ಟೆ ಉರಿಯಿತು.

2010ರಿಂದ ಇರುವ ನಿಯಮದ ಪ್ರಕಾರ, ನೀವು ಒಪ್ಪದೆ ಎಟಿಎಂಗಾಗಲಿ ಅಂಗಡಿಯ ಡೆಬಿಟ್ ಕಾರ್ಡ್ ಖರ್ಚಿಗಾಗಲಿ ಬ್ಯಾಂಕ್ ಈ ಶುಲ್ಕ ಹಾಕುವ ಹಾಗಿಲ್ಲ. ಒಪ್ಪದಿದ್ದರೆ, ಖಾತೆಯಲ್ಲಿ ದುಡ್ಡು ಸಾಲದಾಗ ಕಾರ್ಡ್ ನಡೆಯುವುದಿಲ್ಲ, ಅಷ್ಟೇ. ಆದರೆ ಚೆಕ್‌ಗೆ, ತಿಂಗಳು ತಿಂಗಳು ತಾನಾಗಿ ಕಟ್ ಆಗುವ ಬಿಲ್‌ಗೆ ಈ ನಿಯಮ ಇಲ್ಲ. ಬಾಡಿಗೆ ಚೆಕ್ ಕೊಟ್ಟ ವಾರ ಬ್ಯಾಲೆನ್ಸ್ ನೋಡಿಕೊಳ್ಳಿ.

ಈಗಾಗಲೇ ಒಪ್ಪಿದ್ದೀರಾ? ಯಾವಾಗ ಬೇಕಾದರೂ ರದ್ದು ಮಾಡಿಸಬಹುದು. ಗೊತ್ತಾಗದಿದ್ದರೆ ಇಲ್ಲೇ ಕೇಳಿ.